ತಡವಾಗಿ ನಡೆದ ಗೃಹಪ್ರವೇಶ

ನಮ್ಮ ಮನೆಯ ಗೋಡೆಗೂ ಪಕ್ಕದ ಮನೆಯ ಗೋಡೆಗೂ ನಡುವೆ ಬೆಕ್ಕು ನುಸುಳುವಷ್ಟೂ ಜಾಗವಿಲ್ಲ. ಆ ಗೋಡೆಯ ಆಚೆ ಎರಡು ಪವರ್‌ಲೂಮ್ ಮಗ್ಗಗಳು. ಬೆಳಿಗ್ಗೆ ಕರೆಂಟು ಬಂತೆಂದರೆ ಅವು ಶುರು. ನಮ್ಮ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಲೋಟಗಳು ಅದುರುತ್ತಿದ್ದವು, ಫೋನಿನಲ್ಲಿ ಮಾತಾಡಬೇಕೆಂದರೆ ನಾನು ಬೀದಿಗೆ ಹೋಗಬೇಕಿತ್ತು, ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚೋಣವೆಂದರೆ ತಲೆಯೊಳಗೇ ಲಾಳಿ ಓಡಾಡಿದ ಹಾಗಾಗುತ್ತಿತ್ತು. ಅವರು ಮಗ್ಗ ಹಾಕಿದ ದಿನದಿಂದ ನಾನು ಗೊಣಗುತ್ತಲೇ ಇದ್ದೆ. ದೊಡ್ಡಬಳ್ಳಾಪುರದ ಸೀಮೆಯಲ್ಲಿ ಹುಟ್ಟಿ ಮಗ್ಗದ ಸದ್ದಿಗೆ ಗೊಣಗುವವಳು ನೀನೊಬ್ಬಳೇ ಇರಬೇಕು ಎಂದು ನನ್ನ ಗಂಡ ಆಡಿಕೊಳ್ಳುತ್ತಿದ್ದರು. ಆ ಸದ್ದು ನಿಂತುಹೋದ ಮೇಲೆ ಅವರು ಆಡಿಕೊಳ್ಳುವುದನ್ನು ಬಿಟ್ಟರು, ನಾನು ಮಧ್ಯಾಹ್ನ ಮಲಗುವುದನ್ನೇ ಬಿಟ್ಟೆ.

ಆ ಮನೆಯವಳನ್ನು ನಾನು ಅಕ್ಕ ಎನ್ನುತ್ತೇನೆ, ಅವಳ ಗಂಡನನ್ನು ಅಣ್ಣ. ರಕ್ತಸಂಬಂಧವೇನೂ ಇಲ್ಲ. ನಾವು ಹೊಲ ಮಾಡಿಕೊಂಡು ಬಂದ ಜನ, ಅವರು ನೇಯ್ದುಕೊಂಡು ಬಂದ ಜನ. ಅವರಿಗೆ ಮಕ್ಕಳಾಗಲಿಲ್ಲ. ಹಾಗೆಂದು ಊರಿನ ಯಾವ ಮಗುವಿನ ನಾಮಕರಣವನ್ನೂ ಅಕ್ಕ ತಪ್ಪಿಸಿದವಳಲ್ಲ. ಇಬ್ಬರೂ ಸೇರಿ ನೇಯ್ದ ಸೀರೆಗಳನ್ನು ಅಣ್ಣ ಮೊಪೆಡ್ಡಿನ ಹಿಂದೆ ಕಟ್ಟಿಕೊಂಡು ಹೋಗಿ ದೊಡ್ಡಬಳ್ಳಾಪುರದ ಸಾಹುಕಾರರಿಗೆ ಕೊಟ್ಟು, ಬರುವಾಗ ನೂಲು ತರುತ್ತಿದ್ದ.

ದೇವನಹಳ್ಳಿಯಲ್ಲಿ ವಿಮಾನ ಇಳಿಯಲು ಶುರುವಾಗಿ ಆಗ ಕೆಲವು ವರ್ಷಗಳಾಗಿದ್ದವು. ನಮ್ಮ ಪಂಚಾಯ್ತಿಯ ಸುತ್ತ ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಕಲ್ಲು ನೆಟ್ಟು ಲೇಔಟ್ ಮಾಡಿದ್ದರು, ಗೋಡೌನುಗಳು ಎದ್ದಿದ್ದವು. ಅಲ್ಲಿಗೆಲ್ಲ ನೀರು ಹೊರುವ ಟ್ಯಾಂಕರುಗಳು ರಸ್ತೆಯುದ್ದಕ್ಕೂ ನೀರು ಚೆಲ್ಲುತ್ತ, ಯಾರಪ್ಪನ ಮನೆಯದೋ ಎಂಬಂತೆ ಓಡುತ್ತಿದ್ದವು. ಅಂಥದ್ದೊಂದು ಟ್ಯಾಂಕರು ಅಣ್ಣನ ಮೊಪೆಡ್ಡಿಗೆ ತಗುಲಿ, ನಿಲ್ಲಿಸದೆ ಹೊರಟುಹೋಯಿತು. ಕಾಲಿನ ಮೂಳೆ ಮೊಣಕಾಲ ಕೆಳಗೆ ಪುಡಿಯಾಗಿತ್ತು. ದಾರಿಯಲ್ಲಿ ಹೋಗುತ್ತಿದ್ದ ಯಾರೋ ಪುಣ್ಯಾತ್ಮರು ಕಾರಿನಲ್ಲಿ ಹಾಕಿಕೊಂಡು ಹೆದ್ದಾರಿ ಪಕ್ಕದ ದೊಡ್ಡ ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಬಡವರ ಕಾರ್ಡು ಅಕ್ಕನ ಹತ್ತಿರ ಇತ್ತು. ಆ ಆಸ್ಪತ್ರೆಯಲ್ಲಿ ಅದು ನಡೆಯುತ್ತಿರಲಿಲ್ಲ. ಪ್ರಾಣ ಉಳಿಸಿಕೊಳ್ಳುವ ಹೊತ್ತಿನಲ್ಲಿ ಯಾವ ಆಸ್ಪತ್ರೆಯಲ್ಲಿ ಯಾವ ಕಾರ್ಡು ನಡೆಯುತ್ತದೆ ಎಂದು ಕೇಳುತ್ತ ಕೂರಲು ಆಗುತ್ತದೆಯೇ.

ಕಾಲಿಗೆ ರಾಡು ಹಾಕಿದರು. ಅಕ್ಕ ತಾಳಿಯೊಂದನ್ನು ಬಿಟ್ಟು ಮೈಮೇಲಿದ್ದ ಚಿನ್ನವನ್ನೆಲ್ಲ ಅಡವಿಟ್ಟಳು, ತವರಿನ ಅಣ್ಣತಮ್ಮಂದಿರ ಹತ್ತಿರ ಕೈಸಾಲ ತಂದಳು. ಆದರೂ ಬಿಲ್ಲಿನಲ್ಲಿ ದೊಡ್ಡ ಬಾಕಿ ಉಳಿಯಿತು. ಬಾಕಿ ಕಟ್ಟುತ್ತೇವೆಂದು ಬರೆಸಿಕೊಂಡು ಮನೆಗೆ ಕಳಿಸಿದರು. ಎರಡು ತಿಂಗಳಿಗೆ ಗಾಯದಲ್ಲಿ ಕೀವು ಕಾಣಿಸಿಕೊಂಡಿತು. ಮತ್ತೆ ಆಪರೇಷನ್ ಮಾಡಿ ರಾಡು ತೆಗೆದು ಒಳಗೆ ಸ್ವಚ್ಛ ಮಾಡಬೇಕು, ಯುಗಾದಿಯವರೆಗೆ ತಡ ಮಾಡಿದರೆ ಕಾಲು ಉಳಿಯುವುದು ಅನುಮಾನ ಎಂದರು ಡಾಕ್ಟರು. ಹಳೆಯ ಬಾಕಿ ತೀರದೆ ಹೊಸದಾಗಿ ಅಡ್ಮಿಟ್ ಮಾಡಿಕೊಳ್ಳುವ ಹಾಗಿಲ್ಲ ಎಂದರು ಕೌಂಟರಿನವರು. ಬೇರೆ ಎರಡು ಕಡೆ ತೋರಿಸಿದರೂ, ಹಾಕಿದವರೇ ತೆಗೆಯಲಿ ಎಂಬ ಮಾತೇ ಬಂತು.

ಮಗ್ಗ ಮಾರಿಸುವ ದಲ್ಲಾಳಿಯೊಬ್ಬ ಮನೆ ಬಾಗಿಲಿಗೆ ಬಂದು ಎರಡೂ ಮಗ್ಗಗಳನ್ನು ಗುಜರಿ ಬೆಲೆಗೆ ಕೇಳಿ ಹೋದ. ಅವತ್ತು ಅಕ್ಕ ನಮ್ಮ ಅಡುಗೆಮನೆಯಲ್ಲಿ ಕೂತು ಹೇಳಿದ ಮಾತು ನನಗೆ ಈಗಲೂ ನೆನಪಿದೆ.

"ಮಗ್ಗ ಮಾರಿದ್ರೆ ಕಾಲು ಉಳಿಯುತ್ತೆ ಕಣಮ್ಮ. ಆಮೇಲೆ ಆ ಕಾಲು ಊರಿ ಎಲ್ಲಿ ನಿಂತ್ಕೋಬೇಕು ನಮ್ಮ ಯಜಮಾನ್ರು?"

ನಾನು ಆಗ ಪಂಚಾಯ್ತಿ ಸದಸ್ಯೆ. ಅದೇನೂ ನನ್ನ ಹೆಚ್ಚುಗಾರಿಕೆಯಲ್ಲ. ನಮ್ಮ ಬೀದಿಯ ಸೀಟು ಮಹಿಳೆಗೆ ಬಂತು, ನಿಲ್ಲಬೇಕೆಂದು ಆಸೆಪಟ್ಟಿದ್ದ ನನ್ನ ಮೈದುನ ಬೇರೆ ದಾರಿಯಿಲ್ಲದೆ ನನ್ನ ಹೆಸರು ಕೊಟ್ಟ. ಗೆದ್ದ ಮೇಲೆ ಸಭೆಗೆ ತಾನು ಹೋಗುತ್ತೇನೆ, ನಾನು ಸಹಿ ಹಾಕಿದರೆ ಸಾಕು ಅಂದುಕೊಂಡಿದ್ದನೇನೋ. ಮೊದಲನೇ ಸಭೆಗೆ ನಾನೇ ಸೀರೆ ಉಟ್ಟು ಹೊರಟಾಗ ಅವನ ಮುಖ ನೋಡಬೇಕಿತ್ತು. ನನ್ನ ಬಾಯಿ ಜೋರು ಎಂದು ಅತ್ತೆ ಮನೆಗೆ ಬಂದ ದಿನದಿಂದ ಎಲ್ಲರೂ ಬೈದಿದ್ದರು. ಆ ಬಾಯಿಗೆ ಒಂದು ಕುರ್ಚಿ ಸಿಕ್ಕಿತ್ತು.

ಮುಂದಿನ ಸಭೆಯಲ್ಲಿ ಎದ್ದು ನಿಂತು ಕೇಳಿದೆ. ಆ ಟ್ಯಾಂಕರು ಹೊತ್ತ ನೀರು ಹೋಗುವುದು ಲೇಔಟಿಗೆ. ಲೇಔಟಿನ ಕಂದಾಯ ಬರುವುದು ಪಂಚಾಯ್ತಿಗೆ. ಆ ದುಡ್ಡಿನಲ್ಲಿ ನಾವು ಮೂರು ರಸ್ತೆ ಕೂಡುವಲ್ಲಿ ಹಗಲಿನ ಹಾಗೆ ಉರಿಯುವ ದೀಪದ ಕಂಬ ಹಾಕಿಸಿದ್ದೇವೆ. ಅದೇ ದುಡ್ಡಿನಲ್ಲಿ ಒಬ್ಬ ಮನುಷ್ಯನ ಆಸ್ಪತ್ರೆ ಬಾಕಿ ಯಾಕೆ ಕಟ್ಟಬಾರದು?

ಯಾರೂ ಒಮ್ಮೆಗೇ ಬೇಡ ಎನ್ನಲಿಲ್ಲ. ಪಿಡಿಒ, ಚಿತ್ರದುರ್ಗದ ಕಡೆಯಿಂದ ಹೊಸದಾಗಿ ಬಂದಿದ್ದ ಮೆತ್ತಗಿನ ಮನುಷ್ಯ, ಪೆನ್ನಿನ ಕ್ಯಾಪು ಕಚ್ಚುತ್ತ ಕೂತಿದ್ದರು. ಅಧ್ಯಕ್ಷೆ ತಮ್ಮ ಗಂಡನ ಮುಖ ನೋಡಿದರು. ನಮ್ಮಲ್ಲಿ ಅಧ್ಯಕ್ಷೆ ಮಾತಾಡುವುದಕ್ಕಿಂತ ಅಧ್ಯಕ್ಷೆಯ ಗಂಡ ಮಾತಾಡುವುದು ಹೆಚ್ಚು. ಆತ ಸಭೆಯಲ್ಲಿ ಕೂರುವ ಹಾಗಿಲ್ಲ, ಆದರೂ ಬಾಗಿಲ ಪಕ್ಕ ಒಂದು ಕುರ್ಚಿ ಅವರದೇ. ಕೆಟ್ಟವರಲ್ಲ. ಒಳ್ಳೆಯ ಕೆಲಸ ಮಾಡಲು ಓಡಿಬರುತ್ತಾರೆ, ಮಾಡುವ ಮೊದಲೇ ಹೆಸರು ಬರಬೇಕು, ಅಷ್ಟೇ.

"ಒಳ್ಳೇ ಪಾಯಿಂಟು," ಅಂದರು. "ಗ್ರಾಮಸಭೇಲಿ ಇಡೋಣ. ಜಿಲ್ಲೇಲೇ ಫಸ್ಟು ನಾವೇ ಆಗ್ಬೇಕು."

ಮಾರನೇ ದಿನ ಬೆಳಿಗ್ಗೆ ಪಂಚಾಯ್ತಿಯ ಕಸದ ಆಟೋ ಬೀದಿಗೆ ಬಂತು. ಹಸಿ ಕಸ ಒಣ ಕಸದ ಹಾಡು ನಿಲ್ಲಿಸಿ, ಅದರ ಮೈಕಿನಲ್ಲಿ ಒಂದು ಪ್ರಕಟಣೆ ಹೊರಟಿತು. ಇಂಥ ಬೀದಿಯ ಇಂಥ ನೇಕಾರರ ಕಾಲಿನ ಆಸ್ಪತ್ರೆ ಸಾಲವನ್ನು ತೀರಿಸುವ ವಿಷಯ ಗ್ರಾಮಸಭೆಯಲ್ಲಿ ಚರ್ಚೆಗೆ ಬರಲಿದೆ, ಹಾಗೇ ಆಸ್ಪತ್ರೆ ಸಾಲ ಇರುವ ಇತರರೂ ಬಿಲ್ಲು ತೆಗೆದುಕೊಂಡು ಬರಬಹುದು ಎಂದು. ಗಂಡ ಹೆಂಡತಿಯ ಹೆಸರು, ಮನೆ ಗುರುತು, ಬಾಕಿಯ ಮೊತ್ತ, ಒಂದನ್ನೂ ಬಿಡಲಿಲ್ಲ. ಆಟೋ ಊರೆಲ್ಲ ಸುತ್ತಿ, ನಮ್ಮ ಬೀದಿಗೆ ಮತ್ತೊಮ್ಮೆ ಬಂತು.

ನಾನು ಕಸದ ಬುಟ್ಟಿ ಹಿಡಿದು ಬಾಗಿಲಲ್ಲೇ ಇದ್ದೆ. ಪಕ್ಕದ ಬಾಗಿಲಲ್ಲಿ ಅಕ್ಕನೂ ಬುಟ್ಟಿ ಹಿಡಿದು ನಿಂತಿದ್ದಳು. ಅವಳು ಕಸ ಹಾಕಲಿಲ್ಲ. ಬುಟ್ಟಿ ಅಲ್ಲೇ ಇಟ್ಟು ನನ್ನ ಕಡೆ ನೋಡಿದಳು.

"ನನ್ನ ಗಂಡನ ಕಾಲನ್ನ ಊರೋರ ಮುಂದೆ ಹರಾಜಿಗೆ ಇಟ್ಬಿಟ್ರಲ್ಲಮ್ಮ," ಎಂದಳು. ಬಾಗಿಲು ಹಾಕಿಕೊಂಡಳು.

ಅಂಥ ಸಿಟ್ಟು ನನಗೆ ಜೀವಮಾನದಲ್ಲಿ ಬಂದಿರಲಿಲ್ಲ. ಅಧ್ಯಕ್ಷೆಯ ಮನೆಗೆ ನಡೆದುಕೊಂಡು ಹೋಗಿ ಆ ಗಂಡಸಿನ ಮುಂದೆ ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಪಾಪ, ಕಾಫಿ ಲೋಟ ಹಿಡಿದುಕೊಂಡು, "ಜನಕ್ಕೆ ಗೊತ್ತಾಗ್ಲಿ ಅಂತ ಅಲ್ವೇನಮ್ಮ," ಎಂದು ಬಿಟ್ಟ ಕಣ್ಣು ಬಿಟ್ಟಂತೆ ಕೂತಿದ್ದರು. ಅವರಿಗೆ ತಾವು ಮಾಡಿದ್ದು ಏನೆಂದು ನಿಜವಾಗಿಯೂ ತಿಳಿದಿರಲಿಲ್ಲ. ನಮ್ಮ ಊರಿನಲ್ಲಿ ಮೈಕು ಇರುವುದೇ ಕೂಗುವುದಕ್ಕೆ ತಾನೇ.

ಗ್ರಾಮಸಭೆಗೆ ಎಂದೂ ಬಾರದ ಜನ ಅವತ್ತು ಶಾಲೆಯ ಅಂಗಳದ ತುಂಬ ಬಂದಿದ್ದರು. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಕವರು, ಕವರಿನೊಳಗೆ ಬಿಲ್ಲು, ಎಕ್ಸ್‌ರೇ. ಒಬ್ಬರು ಯಾವುದೋ ಕಾಲದ ಹರ್ನಿಯಾ ಆಪರೇಷನ್ನಿನ ಬಿಲ್ಲು ತಂದಿದ್ದರು. ಒಬ್ಬರು ಕನ್ನಡಕದ ರಸೀದಿ. ಒಬ್ಬಾಕೆ ಎಮ್ಮೆ ಕರು ಹಾಕಲು ಕಷ್ಟಪಟ್ಟಾಗ ಕೊಟ್ಟ ಔಷಧಿಯ ಚೀಟಿಯನ್ನೇ ತಂದಿದ್ದಳು, ಎಮ್ಮೆಯೂ ಮನೆಯವರೇ ಅಲ್ಲವೇ ಎಂಬುದು ಅವಳ ವಾದ. ನಗು ಬಂತು. ಆದರೆ ಒಂದೊಂದೇ ಕವರು ಬಿಚ್ಚಿ ನೋಡುತ್ತ ಹೋದೆ. ನಗುವಂಥ ಬಿಲ್ಲುಗಳು ನಾಲ್ಕಿದ್ದರೆ ನಗಲಾರದವು ನಲವತ್ತಿದ್ದವು. ಗರ್ಭಕೋಶ, ಹೃದಯ, ಏಳು ತಿಂಗಳಿಗೇ ಹುಟ್ಟಿದ ಮಗು. ಇಷ್ಟು ವರ್ಷ ಒಂದೇ ಬೀದಿಯಲ್ಲಿ ನೀರು ಹಿಡಿದ ಹೆಂಗಸರು, ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

ಆಗ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಕೆಳಗಿನ ಬೀದಿಯವರು, ಮಾತು ಕಡಿಮೆ. ಅವರ ಕೈಯಲ್ಲಿ ಯಾವ ಬಿಲ್ಲೂ ಇರಲಿಲ್ಲ.

"ನಮ್ಮವ್ವನ ಕಿಡ್ನಿಗೆ ನಾನು ಸೈಟು ಮಾರ್ದೆ," ಎಂದರು. "ಒಂದು ಪೈಸೆ ಬಾಕಿ ಉಳಿಸಿಲ್ಲ. ಅವ್ವನೂ ಉಳೀಲಿಲ್ಲ. ಈಗ ಬಾಕಿ ಉಳಿಸ್ಕೊಂಡೋರಿಗೆ ಪಂಚಾಯ್ತಿ ಕೊಡುತ್ತೆ ಅಂದ್ರೆ, ನಿಯತ್ತಾಗಿ ಕಟ್ಟಿದ್ದು ನನ್ನ ತಪ್ಪಾ?"

ಅವರ ಮಾತಿನಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ಇದ್ದಿದ್ದರೆ ತಿರುಗಿ ಹೇಳುವುದು ಸುಲಭವಿತ್ತು.

ಪಿಡಿಒ ಎದ್ದು ನಿಂತು, ಖಾಸಗಿ ಆಸ್ಪತ್ರೆಯ ಬಿಲ್ಲಿಗೆ ಹಣ ಕೊಡಲು ಪಂಚಾಯ್ತಿಗೆ ಅವಕಾಶವೇ ಇಲ್ಲ, ಕೊಟ್ಟರೆ ಆಡಿಟ್‌ನಲ್ಲಿ ತಮ್ಮ ಸಂಬಳದಿಂದ ಹಿಡಿಯುತ್ತಾರೆ ಎಂದರು. ಅಂಗವಿಕಲರಿಗೆಂದು ಇಟ್ಟ ಹಣ ಸ್ವಲ್ಪ ಇದೆ, ಮೂರು ಚಕ್ರದ ಗಾಡಿ ಕೊಡಿಸಬಹುದು, ಆದರೆ ಅದಕ್ಕೆ ಸರ್ಟಿಫಿಕೇಟು ಬೇಕು.

"ಅಂದ್ರೆ ಕಾಲು ಹೋದ್ಮೇಲೆ ಗಾಡಿ ಕೊಡ್ತೀರಿ," ಎಂದೆ. "ಹೋಗ್ದೇ ಇರೋ ಹಾಗೆ ನೋಡ್ಕೊಳ್ಳೋಕೆ ಏನೂ ಕೊಡಲ್ಲ."

ಅವರು ತಲೆ ತಗ್ಗಿಸಿದರು. "ಮೇಡಂ, ನೀವು ಹೇಳೋದು ಸರಿ. ಆದ್ರೆ ನಾನು ಹೇಳ್ತಿರೋದೂ ಸುಳ್ಳಲ್ಲ."

ಸಭೆ ಏನೂ ತೀರ್ಮಾನವಾಗದೆ ಮುಗಿಯಿತು. ಜನ ಕವರುಗಳನ್ನು ಕಂಕುಳಿಗೆ ಸೇರಿಸಿಕೊಂಡು ಮನೆಗೆ ಹೋದರು. ಹೊರಗೆ ಬಂದಾಗ ಪಿಡಿಒ ನನ್ನನ್ನು ನಿಲ್ಲಿಸಿ, ಪಂಚಾಯ್ತಿ ದುಡ್ಡು ಕೊಡೋಕಾಗಲ್ಲ, ಬಾಯಿ ಕೊಡಬಹುದು, ನಾನೂ ಬರ್ತೀನಿ, ಆಸ್ಪತ್ರೆಯವರ ಹತ್ತಿರ ಮಾತಾಡೋಣ ಎಂದರು. ರಜೆಯ ದಿನ ನಾನೂ ನನ್ನ ಗಂಡನೂ ಹೊರಟಾಗ ಸ್ವಂತ ಬೈಕಿನಲ್ಲಿ ಅವರೂ ಬಂದರು. ನಾನು ಬಾಯಿ ಕೊಟ್ಟೆ, ಅವರು ಲೆಕ್ಕ ಕೇಳಿದರು. ಎರಡು ಸಲ ಹಾಕಿದ್ದ ಒಂದು ಪರೀಕ್ಷೆಯ ಖರ್ಚು ಬಿಟ್ಟರು, ರೂಮಿನ ಬಾಡಿಗೆಯಲ್ಲಿ ಇಳಿಸಿದರು. ಬಾಕಿ ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು. ಮ್ಯಾನೇಜರು ನಗುನಗುತ್ತಲೇ, ಉಳಿದದ್ದು ಕಟ್ಟಿದ ದಿನವೇ ಅಡ್ಮಿಟ್ ಮಾಡಿಕೊಳ್ಳುತ್ತೇವೆ ಎಂದರು. ಉಳಿದದ್ದೂ ಕಡಿಮೆಯೇನಲ್ಲ. ಎರಡು ಮಗ್ಗ ಮಾರಿದರೆ ಸರಿಹೋಗುವಷ್ಟು ಅದು. ಸಂಕ್ರಾಂತಿ ಕಳೆದಿತ್ತು.

ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಳು. ಆಸ್ಪತ್ರೆಯ ಸುದ್ದಿ ಹೇಳಲು ಹೋದರೂ ಬಾಗಿಲಲ್ಲೇ ನಿಲ್ಲಿಸಿ "ಹೂಂ" ಎಂದಳು, ಅಷ್ಟೇ. ದಲ್ಲಾಳಿ ಇನ್ನೊಂದು ಸಲ ಬಂದು ಹೋದ. ನಾಲ್ಕೈದು ಜನ ಸೇರಿ ಚಂದಾ ಎತ್ತೋಣ ಎಂದು ಹೊರಟಾಗ ಅಣ್ಣ ಒಳಗಿನಿಂದಲೇ, ನಾನು ಇನ್ನೂ ಸತ್ತಿಲ್ಲ, ನನ್ನ ಹೆಸರಲ್ಲಿ ಡಬ್ಬಿ ಹಿಡಿಯಬೇಡಿ ಎಂದಿದ್ದ. ಪಂಚಾಯ್ತಿ ಕೊಡಲಾರದು, ಜನ ಕೊಟ್ಟರೆ ಇವರು ಇಸಿದುಕೊಳ್ಳರು. ನನಗೆ ದಿಕ್ಕೇ ತೋಚಲಿಲ್ಲ.

ನನ್ನ ಅತ್ತೆ ಆಗ ಎಂಬತ್ತರ ಆಸುಪಾಸು. ಅವರಿಗೆ ಊರಿನ ರಾಜಕೀಯ ಬೇಡ, ಪಂಚಾಯ್ತಿ ಬೇಡ. ಅವರ ಚಿಂತೆ ಒಂದೇ, ಸಾಯುವ ಮೊದಲು ಯಾರ ಋಣವೂ ಉಳಿಯಬಾರದು. ಹಾಲಿನವನಿಗೆ ತಿಂಗಳು ತುಂಬುವ ಮುಂಚೆಯೇ ದುಡ್ಡು ಕೊಟ್ಟುಬಿಡುತ್ತಿದ್ದರು. ಒಂದು ದಿನ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತ, ಪಕ್ಕದ ಮನೆಯ ಕಡೆ ನೋಡಿ ಗೊಣಗಿದರು.

"ಇವ್ಳೊಬ್ಳು ಒಂದು ಕಾರ್ಯ ಮಾಡಲ್ಲ, ಕರ್ಮ ಮಾಡಲ್ಲ. ನಮ್ಮ ಮೊಮ್ಮಗಳ ಮದುವೇಲಿ ಸೀರೇನೂ ದುಡ್ಡೂ ಮುಯ್ಯಿ ಮಾಡಿದ್ಳು. ಅದನ್ನ ತೀರಿಸೋದು ಯಾವಾಗ? ನಾನು ಹೋಗಿ ಮಣ್ಣಾದ್ಮೇಲಾ? ಆ ಮನೆ ಕಟ್ಟಿ ಎಷ್ಟು ಕಾಲ ಆಯ್ತು, ಒಂದು ಗೃಹಪ್ರವೇಶನಾದ್ರೂ ಮಾಡ್ಬಾರ್ದಾ?"

ನನ್ನ ಕೈಯಲ್ಲಿದ್ದ ಮೊರ ಹಾಗೇ ನಿಂತಿತು.

ನಮ್ಮ ಕಡೆ ಮದುವೆ, ನಾಮಕರಣ, ಗೃಹಪ್ರವೇಶಕ್ಕೆ ಹೋದವರು ದುಡ್ಡೋ ಬಟ್ಟೆಯೋ ಮುಯ್ಯಿ ಮಾಡುತ್ತಾರೆ. ಅದು ಬರೀ ಉಡುಗೊರೆಯಲ್ಲ. ಕೊಟ್ಟವರ ಮನೆಯಲ್ಲಿ ಕಾರ್ಯ ನಡೆದಾಗ ಹಿಂತಿರುಗಿಸಲೇಬೇಕು, ಮೇಲೆ ಒಂದಿಷ್ಟು ಸೇರಿಸಬೇಕು. ಸಮಕ್ಕೆ ಸಮ ಕೊಟ್ಟರೆ ಇಲ್ಲಿಗೆ ನಮ್ಮ ನಿಮ್ಮ ಸಂಬಂಧ ಮುಗಿಯಿತು ಎಂದ ಹಾಗೆ. ಕಾರ್ಯವೇ ಇಲ್ಲದೆ ಸುಮ್ಮನೆ ಹೋಗಿ ಕೊಟ್ಟರೆ ಮುಖಕ್ಕೆ ಎಸೆದ ಹಾಗೆ. ಅಕ್ಕ ಅಣ್ಣ ಈ ಊರಿನ ಎಲ್ಲ ಮದುವೆಗೂ, ಎಲ್ಲ ಮಕ್ಕಳ ನಾಮಕರಣಕ್ಕೂ ಮುಯ್ಯಿ ಮಾಡಿದ್ದರು. ಮಕ್ಕಳಿಲ್ಲದ ಅವರ ಮನೆಯಲ್ಲಿ ನಾಮಕರಣ ನಡೆಯಲಿಲ್ಲ, ಮದುವೆ ನಡೆಯಲಿಲ್ಲ. ಮನೆ ಕಟ್ಟಿದಾಗ ಮಗ್ಗದ ಸಾಲದ ಕಂತು ತಲೆಯ ಮೇಲಿತ್ತು. ಹಾಲು ಉಕ್ಕಿಸಿ ಒಳಗೆ ಹೋಗಿಬಿಟ್ಟಿದ್ದರು, ಗೃಹಪ್ರವೇಶ ಮುಂದೆ ಮಾಡೋಣ ಎಂದು. ಆ ಮುಂದೆ ಬರಲೇ ಇಲ್ಲ. ಕೊಟ್ಟದ್ದು ಒಂದೂ ವಾಪಸು ಬಂದಿರಲಿಲ್ಲ. ಅಕ್ಕ ಸಾಲಗಾರಳೆಂದು ಊರೆಲ್ಲ ಮೈಕಿನಲ್ಲಿ ಕೂಗಿದ್ದೆವಲ್ಲ, ನಿಜವಾಗಿ ನೋಡಿದರೆ ಊರೇ ಅವಳಿಗೆ ಸಾಲಗಾರ.

"ಅತ್ತೆ, ಏಳಿ," ಎಂದೆ. "ಈ ಮಾತನ್ನ ಅಕ್ಕನ ಮುಂದೆ ಹೇಳಿ ಬನ್ನಿ."

ಅತ್ತೆಯನ್ನು ಬಾಗಿಲಲ್ಲಿ ನಿಲ್ಲಿಸುವ ಧೈರ್ಯ ಅಕ್ಕನಿಗೂ ಇರಲಿಲ್ಲ. ಒಳಗೆ ಹೋದೆವು. ಮಗ್ಗಗಳ ಮೇಲೆ ಹಳೆಯ ಸೀರೆ ಹೊದಿಸಿದ್ದರು. ಅಣ್ಣ ಗೋಡೆಗೆ ಒರಗಿ, ಕಾಲನ್ನು ದಿಂಬಿನ ಮೇಲಿಟ್ಟು ಕೂತಿದ್ದ. ಕೋಣೆಯಲ್ಲಿ ಔಷಧಿಯ ವಾಸನೆ. ಅತ್ತೆ ಕೂರುವ ಮೊದಲೇ ಶುರುಮಾಡಿದರು.

"ಯಾಕಮ್ಮ, ನಿಂಗೆ ನಾವು ಸಾಲಗಾರರಾಗೇ ಸಾಯ್ಬೇಕು ಅಂತ ಐತಾ?"

ಅಕ್ಕನಿಗೆ ಅರ್ಥವಾಗಲಿಲ್ಲ. ಅತ್ತೆ ಮೊಮ್ಮಗಳ ಮದುವೆಯ ಸೀರೆಯ ಬಣ್ಣದಿಂದ ಹಿಡಿದು ಹೇಳಿದರು. ಕೊಡೋಕೆ ಮಾತ್ರ ದೊಡ್ಡ ಕೈ, ಇಸ್ಕೊಳ್ಳೋಕೆ ಯಾಕೆ ಬಿಗುಮಾನ, ಇದೇನು ನ್ಯಾಯ ಎಂದು ಕೇಳಿದರು. ಕಾಲಿನ ಮಾತನ್ನೇ ಎತ್ತಲಿಲ್ಲ. ಆಸ್ಪತ್ರೆಯ ಮಾತನ್ನೂ ಎತ್ತಲಿಲ್ಲ. ಅವರಿಗೆ ನಿಜಕ್ಕೂ ಅದು ಲೆಕ್ಕದಲ್ಲಿರಲಿಲ್ಲ, ತಮ್ಮ ಋಣವೊಂದು ತೀರಿದರೆ ಸಾಕಿತ್ತು.

ಅಕ್ಕ ಅಣ್ಣನ ಮುಖ ನೋಡಿದಳು. ಅವನು ಮಗ್ಗದ ಕಡೆ ನೋಡುತ್ತಿದ್ದ. "ಗೃಹಪ್ರವೇಶ ಬಾಕಿ ಇರೋದು ನಿಜ ಅಲ್ವೇನೇ," ಎಂದ, ಮೆಲ್ಲಗೆ.

ಅಕ್ಕ ನನ್ನ ಕಡೆ ತಿರುಗಿದಳು. ಇಷ್ಟು ದಿನಗಳ ಮೇಲೆ ನನ್ನ ಜೊತೆ ಆಡಿದ ಮೊದಲನೇ ಮಾತು ಇದು:

"ಪಾಯಸ ಸಾಕಾ, ಹೋಳಿಗೇನೇ ಮಾಡಿಸ್ಬೇಕಾ?"

ಅಲ್ಲೇ ಅಳು ಬಂದುಬಿಟ್ಟಿತು ನನಗೆ. ಹೋಳಿಗೆ ಎಂದೆ.

ಮಾಘದಲ್ಲಿ ಒಳ್ಳೆಯ ದಿನ ಸಿಕ್ಕಿತು. ಬೇಳೆ ಬೆಲ್ಲ ನಮ್ಮ ಮನೆಯಿಂದ, ಅಕ್ಕಿ ಇನ್ನೊಬ್ಬರ ಮನೆಯಿಂದ, ತರಕಾರಿ ಮತ್ತೊಬ್ಬರ ತೋಟದಿಂದ. ಅಧ್ಯಕ್ಷೆಯ ಗಂಡ ತಾವಾಗಿಯೇ ಬಂದು ಶಾಮಿಯಾನ ತಮ್ಮದು ಎಂದರು. ಅಷ್ಟಕ್ಕೇ ನಾನು ಬಿಡಲಿಲ್ಲ. ಅದೇ ಕಸದ ಆಟೋ, ಅದೇ ಮೈಕು, ಅದೇ ಬೀದಿಗಳಲ್ಲಿ ಗೃಹಪ್ರವೇಶದ ಕರೆ ಕೂಗಬೇಕು ಎಂದೆ. ಕಾಲಿನ ಮಾತು, ಸಾಲದ ಮಾತು ಒಂದಕ್ಷರ ಬಂದರೆ ನೋಡಿ ಎಂದೂ ಹೇಳಿದೆ. ಅವರು ಶಾಲೆಯ ಹುಡುಗನ ಹಾಗೆ ತಲೆಯಾಡಿಸಿದರು. ಆಟೋ ಬಂದಾಗ ಅಕ್ಕ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿ, ಕಸ ಹಾಕಿ ಒಳಗೆ ಹೋದಳು. ಆಮೇಲೆ ಅಧ್ಯಕ್ಷೆಯ ಗಂಡ ಇನ್ನೊಂದು ಸುತ್ತು ಹೊಡೆಸಲೇ ಎಂದು ಕೇಳಿದರು. ಆತನ ಬುದ್ಧಿ ಅಷ್ಟೇ.

ಹಸುವನ್ನು ಮೊದಲು ಒಳಗೆ ಬಿಡಬೇಕು ಎಂದರು ಪುರೋಹಿತರು. ಮಗ್ಗಗಳ ಸಂದಿಯಲ್ಲಿ ಹಸು ಹೋಗುವುದು ಹೇಗೆ? ನಮ್ಮ ಹಸುವನ್ನೇ ಹೊಡೆದುಕೊಂಡು ಬಂದಿದ್ದೆವು, ಅದು ಮೊದಲೇ ಮೊಂಡು. ಅರ್ಧ ಒಳಗೆ ಹೋಗಿ, ಮಗ್ಗಕ್ಕೆ ಮೈ ಉಜ್ಜಿಕೊಂಡು, ಅಲ್ಲೇ ನಿಂತು ಸಗಣಿ ಹಾಕಿತು. ಪುರೋಹಿತರು ಬಹಳ ಶುಭ ಎಂದರು. ಅಣ್ಣ ಕುರ್ಚಿಯಲ್ಲಿ ಕೂತೇ ಸಂಕಲ್ಪ ಮಾಡಿದ, ಪಕ್ಕದಲ್ಲಿ ಅಕ್ಕ, ಹಸಿರು ಸೀರೆ. ಮನೆಗೆ ಬಂದು ಅಷ್ಟು ವರ್ಷಗಳಾದ ಮೇಲೆ ಅವಳು ಹೊಸ್ತಿಲ ಅಕ್ಕಿ ಸೇರು ಒದ್ದು ಒಳಗೆ ಬಂದಳು. ಅತ್ತೆ ಹೇಳಿ ಹೇಳಿ ಆ ಶಾಸ್ತ್ರವನ್ನೂ ಮಾಡಿಸದೆ ಬಿಡಲಿಲ್ಲ, ಅದು ಗೃಹಪ್ರವೇಶದ್ದಲ್ಲ ಮದುಮಗಳದ್ದು ಎಂದು ಯಾರು ಹೇಳಿದರೂ ಕೇಳಲಿಲ್ಲ.

ಮುಯ್ಯಿ ಬರೆಯಲು ಶಾಮಿಯಾನದ ಬಾಯಲ್ಲಿ ನನ್ನ ಗಂಡ ಕೂತರು. ಜನ ಊಟಕ್ಕೆ ಮುಂಚೆ ಅಲ್ಲಿಗೇ ಬಂದರು. ಮಗನ ಮದುವೆಯದು, ತಂಗಿಯ ಮದುವೆಯದು, ಅವಳಿ ಮಕ್ಕಳ ನಾಮಕರಣದ್ದು. ಅಕ್ಕ ಐವತ್ತೊಂದು ರೂಪಾಯಿ ಕೊಟ್ಟ ಕಾಲದ್ದನ್ನು ಜನ ಇವತ್ತಿನ ಕಾಲಕ್ಕೆ ತಕ್ಕ ಹಾಗೆ ತಿದ್ದಿ ಕೊಟ್ಟರು. ಮದುವೆಯಾಗಿ ಹೊಸಕೋಟೆ, ನೆಲಮಂಗಲ ಸೇರಿದ್ದ ಹೆಣ್ಣುಮಕ್ಕಳು ಬಸ್ಸು ಹತ್ತಿ ಬಂದರು. ದೊಡ್ಡಬಳ್ಳಾಪುರದ ಸಾಹುಕಾರರು ಮುಯ್ಯಿಯ ಜೊತೆ, ಕಾಲು ವಾಸಿಯಾದ ಮೇಲೆ ನೂಲು ಕೊಡುತ್ತೇನೆಂದು ಹೇಳಿ ಹೋದರು. ಪಿಡಿಒ ಬಂದರು, ಅವರಿಗೆ ಯಾವ ಮುಯ್ಯಿಯ ಬಾಕಿಯೂ ಇರಲಿಲ್ಲ. "ನಮ್ಮ ಊರಲ್ಲೂ ಹೀಗೇ ಮೇಡಂ," ಎಂದು ಕವರು ಕೊಟ್ಟು, ಎರಡು ಹೋಳಿಗೆ ಹಾಕಿಸಿಕೊಂಡು ತಿಂದರು.

ಗ್ರಾಮಸಭೆಯಲ್ಲಿ ಎದ್ದು ನಿಂತಿದ್ದ ಕೆಳಗಿನ ಬೀದಿಯವರು ಮಧ್ಯಾಹ್ನ ಕಳೆದ ಮೇಲೆ ಬಂದರು. ನನ್ನ ಗಂಡನ ಮುಂದೆ ದುಡ್ಡಿಟ್ಟು, ಮಗಳ ಮದುವೆಯದು ಎಂದರು. ನನ್ನನ್ನು ನೋಡಿ, "ಅವತ್ತು ಮಾತಾಡಿದ್ದಕ್ಕೆ ಬೇಜಾರು ಮಾಡ್ಕೋಬೇಡಮ್ಮ. ಇದು ಪಂಚಾಯ್ತಿದಲ್ಲ, ನಂದು," ಎಂದರು. ನಾನು ಅವರಿಗೆ ಕೈ ಮುಗಿದೆ. ಸೈಟು ಮಾರಿದ ದುಃಖ ಅವರ ಹೊಟ್ಟೆಯಲ್ಲಿ ಹಾಗೇ ಇತ್ತು, ಅದನ್ನು ಯಾರೂ ತೀರಿಸಿರಲಿಲ್ಲ, ಆದರೂ ಬಂದಿದ್ದರು.

ಸಂಜೆ ಎಣಿಸಿ ನೋಡಿದಾಗ ಬಾಕಿಗೆ ಸ್ವಲ್ಪವೇ ಕಡಿಮೆ ಬಿತ್ತು. ಅದನ್ನು ಅಕ್ಕ ತನ್ನ ಚೀಟಿ ಎತ್ತಿ ತುಂಬಿದಳು. ಆ ವಾರವೇ ಅಣ್ಣನನ್ನು ಅಡ್ಮಿಟ್ ಮಾಡಿಕೊಂಡರು. ಈ ಸಲದ ಖರ್ಚನ್ನು ಪಿಡಿಒ ಮೊದಲೇ ಕೂತು ಮಾತಾಡಿ, ಕಂತಿನಲ್ಲಿ ಕಟ್ಟುವ ಹಾಗೆ ಮಾಡಿಸಿದ್ದರು. ಆಪರೇಷನ್ ಮುಗಿದು ಡಾಕ್ಟರು ಹೊರಗೆ ಬಂದು ಕಾಲಿಗೆ ಇನ್ನು ಭಯವಿಲ್ಲ ಎಂದಾಗ ಅಕ್ಕ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟಳು. ನಾನು ಕಾಫಿ ತಂದುಕೊಟ್ಟೆ. ಎರಡು ಲೋಟ ಕುಡಿದಳು. ಮನೆಗೆ ಬರುವಾಗ ಬಸ್ಸಿನಲ್ಲಿ ಕೂತಲ್ಲೇ ನಿದ್ದೆಹೋಗಿ ನಮ್ಮ ಸ್ಟಾಪು ದಾಟಿಬಿಟ್ಟೆ.

ಪಂಚಾಯ್ತಿ ಇಂಥ ಸಾಲ ತೀರಿಸಬೇಕೋ ಬೇಡವೋ ಎಂದು ಈಗಲೂ ಯಾರಾದರೂ ಕೇಳುತ್ತಾರೆ. ಮುಯ್ಯಿ ಇದೆಯಲ್ಲ, ಇನ್ನೇಕೆ ಪಂಚಾಯ್ತಿ ಎನ್ನುವವರೂ ಇದ್ದಾರೆ. ಅವರ ಮಾತು ಕೇಳಿದರೆ ನನಗೆ ರೇಗುತ್ತದೆ. ಅಕ್ಕ ಈ ಊರಿನಲ್ಲಿ ಅಷ್ಟು ವರ್ಷ ಕೊಟ್ಟಿದ್ದಳು, ಆದ್ದರಿಂದ ಬಂತು. ಗೋಡೌನಿನಲ್ಲಿ ಮೂಟೆ ಹೊತ್ತು ಬಾಡಿಗೆ ರೂಮಿನಲ್ಲಿರುವವರಿಗೆ ಯಾರು ಮುಯ್ಯಿ ಹಿಂತಿರುಗಿಸಬೇಕು? ಅವರು ಯಾರ ಮದುವೆಗೆ ಹೋಗಿದ್ದರು? ಅವತ್ತು ಕವರು ಕಂಕುಳಲ್ಲಿಟ್ಟುಕೊಂಡು ವಾಪಸು ಹೋದ ಜನರೆಲ್ಲ ಗೃಹಪ್ರವೇಶ ಬಾಕಿ ಇಟ್ಟುಕೊಂಡಿರಲಿಲ್ಲ. ಕೆಳಗಿನ ಬೀದಿಯವರು ಕೇಳಿದ ಪ್ರಶ್ನೆಗೂ ನನ್ನಲ್ಲಿ ಉತ್ತರವಿಲ್ಲ. ಆದರೂ ಕೊಡಬೇಕು ಎಂದೇ ನಾನು ನನ್ನ ಅವಧಿ ಮುಗಿಯುವವರೆಗೂ ಪ್ರತಿ ಸಭೆಯಲ್ಲಿ ಎದ್ದು ಹೇಳಿದೆ. ಹೇಳಿ ಹೇಳಿ, ಅಪಘಾತವಾದವರನ್ನು ಕಾರ್ಡು ನಡೆಯುವ ಆಸ್ಪತ್ರೆಗೇ ಸೇರಿಸಲು ಪಂಚಾಯ್ತಿಯಿಂದ ಒಂದು ಗಾಡಿ ಇಡಿಸಿದೆ. ಅಷ್ಟೇ ಆದದ್ದು.

ಅಣ್ಣ ಕುಂಟುತ್ತಾನೆ, ಆದರೆ ಎರಡು ಕಾಲಲ್ಲಿ ಕುಂಟುತ್ತಾನೆ. ಮಗ್ಗ ಮತ್ತೆ ಶುರುವಾದ ದಿನ ನಮ್ಮ ಸ್ಟ್ಯಾಂಡಿನ ಲೋಟಗಳು ಅದುರಿದವು. ನಾನು ಊಟ ಮಾಡಿ ಹೋಗಿ ಮಲಗಿದೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ನನ್ನ ಗಂಡ ಎಬ್ಬಿಸಬೇಕಾಯಿತು.

ಮರುವರ್ಷ ನನ್ನ ಮಗಳ ಮಗುವಿಗೆ ನಮ್ಮ ಮನೆಯಲ್ಲೇ ನಾಮಕರಣ. ಅಕ್ಕ ಅಣ್ಣ ಎಲ್ಲರಿಗಿಂತ ಮೊದಲು ಬಂದರು. ಅಕ್ಕ ಮಗುವಿನ ಕೈಗೆ ಬೆಳ್ಳಿಯ ಬಳೆ ಹಾಕಿ, ಅತ್ತೆಯ ಮಡಿಲಿಗೆ ತಾನೇ ನೇಯ್ದ ಸೀರೆಯೊಂದನ್ನು ಇಟ್ಟಳು. ಗೃಹಪ್ರವೇಶಕ್ಕೆ ನಾವು ಕೊಟ್ಟದ್ದಕ್ಕಿಂತ ಅದು ಹೆಚ್ಚೇ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅತ್ತೆ ಸೀರೆಯ ಅಂಚು ಮುಟ್ಟಿ ನೋಡಿದರು. ಆಮೇಲೆ ಅಕ್ಕನ ಕೆನ್ನೆಗೆ ಮೆಲ್ಲಗೆ ತಿವಿದು ಹೇಳಿದರು:

"ಎಲ್ಲಾ ತೀರ್ತು, ನೆಮ್ಮದಿಯಾಗಿ ಹೋಗಣ ಅಂದ್ಕೊಂಡಿದ್ದೆ. ಮತ್ತೆ ಸಾಲ ಹೊರ್ಸ್ಬಿಟ್ಯಲ್ಲೇ. ಇದನ್ನ ತೀರ್ಸೋಗಂಟ ಇನ್ನೊಂದಷ್ಟು ವರ್ಷ ಬದುಕ್ಬೇಕಾಯ್ತಲ್ಲ ನಾನು."

"ಬದುಕಿ," ಎಂದಳು ಅಕ್ಕ.